ನೋಣಯ್ಯನವರು ನೋಡಿದ ಮೊಳದುದ್ದದ ವ್ಯಾಗನ್

ಗೂಡ್ಸ್ ಗಾಡಿಯ ಗಾಲಿಗೆ ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟು, ಕಿವಿಗೊಟ್ಟು ಕೇಳಿ, ಈ ಗಾಡಿ ಶೊರನೂರು ಮುಟ್ಟುತ್ತದೋ ಇಲ್ಲವೋ ಎಂದು ಹೇಳಬಲ್ಲ ಮನುಷ್ಯ ನಮ್ಮ ಮಂಗಳೂರಿನಲ್ಲಿ ಒಬ್ಬರಿದ್ದರು. ಹೆಸರು ನೋಣಯ್ಯ, ಊರು ಜೆಪ್ಪು. ಮಂಗಳೂರಿಗೆ ರೈಲು ಬಂದ ವರ್ಷವೇ, ಅಂದರೆ ಸಾವಿರದ ಒಂಬೈನೂರ ಏಳರಲ್ಲಿ, ಹಳಿಗೆ ಜಲ್ಲಿ ಹೊರುವ ಕೂಲಿಯಾಗಿ ಸೇರಿದವರು. ಬೇಸಾಯದ ಮನೆಯವರು. ಎತ್ತು ನಾಲ್ಕು ಹೆಜ್ಜೆ ನಡೆದರೆ ಅದರ ಯಾವ ಕಾಲಿನಲ್ಲಿ ನೋವಿದೆ ಎಂದು ಹೇಳುವುದನ್ನು ಸೋದರಮಾವನಿಂದ ಕಲಿತಿದ್ದರು. ಅದೇ ಕಣ್ಣಿನಿಂದ ಗಾಡಿಗಳನ್ನು ನೋಡತೊಡಗಿದರು. ಏಳೆಂಟು ವರ್ಷದಲ್ಲಿ ದೊರೆಗಳ ಕಣ್ಣಿಗೆ ಬಿದ್ದು ಗೂಡ್ಸ್ ಶೆಡ್ಡಿನ ಗಾಡಿ ತಪಾಸಣೆಗೆ ಏರಿದರು.

ನಾನು ಮೋಹನದಾಸ್. ಶಾಲೆಯಲ್ಲಿ ಡ್ರಾಯಿಂಗ್ ಮಾಷ್ಟ್ರು. ಬೇರೆಯವರ ಕಣ್ಣನ್ನು ನಾನು ಸುಲಭಕ್ಕೆ ನಂಬುವವನಲ್ಲ. ಮೂವತ್ತು ವರ್ಷ ಮಕ್ಕಳ ಸೊಟ್ಟ ಗೆರೆ ತಿದ್ದಿದವನಿಗೆ ಜಗತ್ತೆಲ್ಲ ಸೊಟ್ಟಗೆ ಕಾಣುವುದು ಸಹಜ, ಸಿಟ್ಟೂ ಮೂಗಿನ ತುದಿಯಲ್ಲೇ ಇರುತ್ತದೆ. ಅಂಥ ನಾನು ಒಬ್ಬರ ಕಣ್ಣಿನ ಮುಂದೆ ಬಾಯಿ ಮುಚ್ಚಿ ನಿಂತಿದ್ದರೆ ಅದು ನೋಣಯ್ಯನವರ ಮುಂದೆ ಮಾತ್ರ. ಅದು ಶುರುವಾದದ್ದು ರೈಲ್ವೆ ಶೆಡ್ಡಿನಲ್ಲಲ್ಲ, ಹಂಪನಕಟ್ಟೆಯ ಒಂದು ಆಟದ ಸಾಮಾನಿನ ಅಂಗಡಿಯಲ್ಲಿ.

ಅಂಗಡಿ ಹಾಶಿಂ ಬ್ಯಾರಿಯವರದು. ಎದುರಿಗೆ ಗಡಿಯಾರ, ಕನ್ನಡಕ. ಒಳಗೆ ಗಾಜಿನ ದೊಡ್ಡ ಮೇಜಿನ ಮೇಲೆ ವಿಲಾಯಿತಿಯ ಆಟದ ರೈಲುಗಳು. ಕೊಡಗು, ಚಿಕ್ಕಮಗಳೂರು ಕಡೆಯ ಕಾಫಿ ತೋಟದ ದೊರೆಗಳು ಸಾಮಾನಿಗೆಂದು ಮಂಗಳೂರಿಗೆ ಇಳಿದಾಗ ತಪ್ಪದೆ ಅಲ್ಲಿಗೆ ಬರುತ್ತಿದ್ದರು. ಅಲ್ಲಿ ಹೆಚ್ಚು ಹೋಗುತ್ತಿದ್ದದ್ದು ಜೋಡಿಸುವ ವ್ಯಾಗನ್ ಸೆಟ್ಟು. ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ಕತ್ತರಿಸಿದ ಮರದ ತುಂಡುಗಳು, ತಗಡಿನ ಪಟ್ಟಿ, ಎರಕದ ನಾಲ್ಕು ಗಾಲಿ, ಸಾಸಿವೆಯಂಥ ತಿರುಪುಮೊಳೆ. ಮನೆಗೆ ಒಯ್ದು ಚಿತ್ರದ ಹಾಳೆ ನೋಡಿಕೊಂಡು ಜೋಡಿಸಿದರೆ ಮೊಳದುದ್ದದ ಗೂಡ್ಸ್ ವ್ಯಾಗನ್ ಆಗುತ್ತದೆ. ನಿಜವಾದ ಗಾಡಿಯ ಒಂದು ಅಡಿಗೆ ಇಲ್ಲಿ ಒಂದು ಇಂಚು ಲೆಕ್ಕ. ನನಗೆ ಕೊಳ್ಳುವ ತಾಕತ್ತಿರಲಿಲ್ಲ. ನೋಡುವುದಕ್ಕೆ ಯಾರೂ ಕಾಸು ಕೇಳುವುದಿಲ್ಲವಾದ್ದರಿಂದ ಸಂಜೆಯೆಲ್ಲ ಅಲ್ಲೇ ಬಿದ್ದಿರುತ್ತಿದ್ದೆ.

ಮೂವತ್ತನಾಲ್ಕನೇ ಇಸವಿ. ನೋಣಯ್ಯನವರು ತಮ್ಮ ಗಡಿಯಾರ ರಿಪೇರಿಗೆಂದು ಬಂದರು. ಕುಳ್ಳ ಆಳು, ಖಾಕಿ ಕೋಟು, ಕಿವಿಯ ಮೇಲೊಂದು ಸೀಮೆಸುಣ್ಣದ ತುಂಡು. ಮೇಜಿನ ಮೇಲೆ ಹೊಸದಾಗಿ ಜೋಡಿಸಿಟ್ಟ ಬೂದು ಬಣ್ಣದ ವ್ಯಾಗನ್ ಇತ್ತು. ಒಬ್ಬ ತೋಟದ ದೊರೆ ಅದನ್ನು ಕೊಳ್ಳಲು ಕೈ ಚಾಚಿಯೇ ನಿಂತಿದ್ದ.

"ಒಮ್ಮೆ ಮುಟ್ಟಬಹುದಾ?" ಎಂದು ನೋಣಯ್ಯ ಕೇಳಿದರು.

ಗಾಜಿನ ಮೇಲೆ ಕೆನ್ನೆ ಇಟ್ಟು, ಒಂದು ಕಣ್ಣು ಮುಚ್ಚಿ, ವ್ಯಾಗನ್ನಿನ ಹೊಟ್ಟೆಯ ಅಡಿ ನೋಡಿದರು. ಆಮೇಲೆ ಎತ್ತಿ ಕಿವಿಯ ಹತ್ತಿರ ಹಿಡಿದು ಒಂದೊಂದೇ ಗಾಲಿಗೆ ಉಗುರಿನಿಂದ ಬಡಿದರು. ಮೂರನೆಯದಕ್ಕೆ ಎರಡು ಸಲ ಬಡಿದು ನಿಂತರು.

"ಬ್ಯಾರಿಗಳೇ, ಇದಕ್ಕೆ ಜ್ವರ ಉಂಟು."

ದೊರೆ ನಕ್ಕ. ನಾನೂ ನಕ್ಕೆ, ಯಾಕೆ ಸುಳ್ಳು ಹೇಳಲಿ. ಹಾಶಿಂ ಬ್ಯಾರಿ ಮಾತ್ರ ನಗಲಿಲ್ಲ. ಅವರು ಚಾಕುವಿನ ತುದಿಯಿಂದ ಆ ಗಾಲಿಯ ಬಣ್ಣ ಕೆರೆದರು. ಬಣ್ಣದ ಅಡಿಯಲ್ಲಿ ಕೂದಲೆಳೆಯಷ್ಟು ತೆಳ್ಳಗೆ, ನಡುವಿನಿಂದ ಅಂಚಿನವರೆಗೆ ಬಿರುಕು. ಲಂಡನ್ನಿನಿಂದ ಹಡಗಿನಲ್ಲಿ ಬಂದ, ಹತ್ತು ಜನ ಸಾಹೇಬರು ನೋಡಿ ಮುದ್ರೆ ಒತ್ತಿದ ಗಾಲಿಯ ಬಿರುಕು, ಜೆಪ್ಪುವಿನ ಮನುಷ್ಯನ ಉಗುರಿಗೆ ಸಿಕ್ಕಿತ್ತು.

ಅಂದಿನಿಂದ ನೋಣಯ್ಯ ನೋಡದ ಸೆಟ್ಟನ್ನು ಹಾಶಿಂ ಬ್ಯಾರಿ ಮಾರಿದ್ದಿಲ್ಲ. ತಿಂಗಳಿಗೊಂದು ಶನಿವಾರ ಅವರು ಬರುತ್ತಿದ್ದರು. ಕೂಲಿ ಎಂದು ಏನೂ ತೆಗೆದುಕೊಳ್ಳುತ್ತಿರಲಿಲ್ಲ, ಒಂದು ಲೋಟ ಚಾ ಸಾಕಿತ್ತು. ಅವರು ನೋಡುವ ಕ್ರಮವೇ ಬೇರೆ. ಪೆಟ್ಟಿಗೆ ತೆರೆದು ಮೊದಲು ಮರವನ್ನು ಮೂಸುವರು, ಹಸಿ ಮರವಾದರೆ ಅಲ್ಲೇ ಪಕ್ಕಕ್ಕೆ. ಆಮೇಲೆ ನನ್ನ ಕೈಯಲ್ಲಿ ಜೋಡಿಸಲು ಹೇಳುವರು. ಜೋಡಿಸಿದ್ದನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸುವರು. "ಮೊದಲನೇ ಸಲ ಎಲ್ಲವೂ ಕೂತುಕೊಳ್ತದೆ ಮಾಷ್ಟ್ರೇ. ಎರಡನೇ ಸಲ ಹಾಗೇ ಕೂತ್ರೆ ಮಾತ್ರ ತೂತು ಸರಿ ಉಂಟು ಅಂತ" ಎನ್ನುವರು. ಬಣ್ಣ ಎಲ್ಲಿ ದಪ್ಪವೋ ಅಲ್ಲಿ ಉಗುರು ಹಾಕುವರು. ತಕ್ಕಡಿಯ ತೂಕದ ಕಲ್ಲುಗಳನ್ನು ಒಳಗಿಟ್ಟು ನೆಲಹಲಗೆ ಬಾಗುತ್ತದೋ ನೋಡುವರು. ಕೊನೆಗೆ ಗಾಜಿನ ಮೇಲೆ ಒಂದು ನೂಲು ಬಿಗಿದು, ಅದರ ಗುಂಟ ವ್ಯಾಗನ್ನನ್ನು ಮೆಲ್ಲಗೆ ದೂಡುವರು. ಅದು ನೂಲು ಬಿಡದೆ ಆಚೆ ತುದಿ ಮುಟ್ಟಬೇಕು. ಮುಟ್ಟಿದರೆ "ಹೋಗ್ಲಿ" ಎನ್ನುವರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ನಾನು ಕೇಳಿಲ್ಲ.

ಈ ಮನುಷ್ಯನಿಗೆ ಒಂದೇ ಒಂದು ಆಸೆ ಇತ್ತು. ನಲವತ್ತನೇ ಇಸವಿಯ ಡಿಸೆಂಬರ್ ಕೊನೆಗೆ ಅವರ ನಿವೃತ್ತಿ. ಇಪ್ಪತ್ತಾರು ವರ್ಷದ ತಪಾಸಣೆಯಲ್ಲಿ ಅವರು ಪಾಸು ಮಾಡಿದ ಒಂದು ವ್ಯಾಗನ್ ಕೂಡ ಹಳಿ ತಪ್ಪಿರಲಿಲ್ಲ. ಅದಕ್ಕಾಗಿ ಮದ್ರಾಸಿನಿಂದ ದೊರೆ ಬಂದು, ಶೆಡ್ಡಿನಲ್ಲಿ ಎಲ್ಲರ ಎದುರು ಒಂದು ಕಾಗದ ಓದಿ ಅವರ ಕೈಗೆ ಕೊಡುವುದೆಂದು ತೀರ್ಮಾನವಾಗಿತ್ತು. ನೋಣಯ್ಯನವರಿಗೆ ಓದು ಬರಹ ಬರುತ್ತಿರಲಿಲ್ಲ, ಅಂಕಿಗಳನ್ನು ಮಾತ್ರ ಬಲ್ಲರು. ಆ ವರ್ಷವೆಲ್ಲ ನನ್ನ ಹತ್ತಿರ ಅದೇ ಮಾತು.

"ನಾನು ಓದ್ಲಿಕ್ಕಿಲ್ಲ ಮಾಷ್ಟ್ರೇ. ಆದ್ರೆ ತಂಗಿಯ ಮಕ್ಕಳು ಓದ್ತಾರೆ. ನೋಣಯ್ಯನ ಕೈಯಲ್ಲಿ ಒಂದು ಗಾಡಿಯೂ ತಪ್ಪಿಲ್ಲ ಅಂತ ಅದರಲ್ಲಿ ಉಂಟಂತೆ. ಅಷ್ಟು ಬಂದ್ರೆ ನನಗೆ ಸಾಕು."

ಅಷ್ಟರಲ್ಲಿ ಯುದ್ಧ ಶುರುವಾಗಿ ವಿಲಾಯಿತಿ ಸಾಮಾನು ಬರುವುದು ನಿಂತುಹೋಯಿತು. ಹಾಶಿಂ ಬ್ಯಾರಿಯವರ ಗಾಜಿನ ಮೇಜು ಬರಿದಾಯಿತು. ಕ್ರಿಸ್‌ಮಸ್ಸಿಗೆ ಅರವತ್ತು ಸೆಟ್ಟು ಬೇಕೆಂದು ತೋಟದವರು ಹೇಳಿ ಕಳಿಸಿದಾಗ ಅವರು ಉರ್ಸುಲಾ ಬಾಯಿಯನ್ನು ಹುಡುಕಿಕೊಂಡು ಹೋದರು.

ಉರ್ಸುಲಾ ಬಾಯಿಯ ತಂದೆ ಒಂದು ಹಂಚಿನ ಕಾರ್ಖಾನೆಯಲ್ಲಿ ಅಚ್ಚಿನ ಬಡಗಿ. ಹಂಚು ಒತ್ತುವ ಕಬ್ಬಿಣದ ಅಚ್ಚು ಎರಕ ಹೊಯ್ಯುವ ಮೊದಲು ಅದನ್ನು ಮರದಲ್ಲಿ ಕೆತ್ತಬೇಕು, ಆ ಕೆಲಸ. ಗಂಡು ಮಕ್ಕಳಿಲ್ಲದ ಅವರು ಮಗಳಿಗೇ ಉಳಿ ಹಿಡಿಸಿದ್ದರು. ತಂದೆ ತೀರಿದ ಮೇಲೆ ಬಾಯಿ ತೊಟ್ಟಿಲು, ಆಟದ ಗಾಡಿ, ದೇವರ ಗೂಡು ಮಾಡಿಕೊಂಡಿದ್ದರು. ನಲವತ್ತರ ಹೆಂಗಸು. ಮಾತು ಕಡಿಮೆ, ಹಟ ಬೇಕಾದಷ್ಟು. ವ್ಯಾಗನ್ ಮಾಡಲು ಚಿತ್ರ ಕೊಡುತ್ತೇನೆಂದು ನಾನು ಹೇಳಿದರೆ ಬೇಡವೆಂದರು. ಗೂಡ್ಸ್ ಶೆಡ್ಡಿಗೆ ಹೋಗಿ, ಅಪ್ಪಣೆ ಕೇಳಿ, ಅಲ್ಲಿ ನಿಂತಿದ್ದ ಒಂದು ಮುಚ್ಚಿದ ವ್ಯಾಗನ್ನನ್ನು ಎರಡು ದಿನ ಅಳೆದರು. ಬಲಬದಿ ಒಂದು ದಿನ, ಎಡಬದಿ ಒಂದು ದಿನ.

"ಎರಡು ಬದಿಯೂ ಒಂದೇ ಅಲ್ವಾ ಬಾಯಿ? ಒಂದು ಅಳೆದು ಇನ್ನೊಂದಕ್ಕೆ ಅದನ್ನೇ ಹಾಕಿದ್ರೆ ಆಯ್ತಲ್ಲ" ಎಂದೆ.

"ಅಪ್ಪ ಹೊಡೀತಿದ್ರು ಮಾಷ್ಟ್ರೇ ಹಾಗೆ ಮಾಡಿದ್ರೆ."

ಅವರ ಮಾತಿನಲ್ಲಿ ಅರ್ಥ ಇತ್ತು. ಮಂಗಳೂರು ಹಂಚಿನ ಎರಡು ಅಂಚುಗಳು ಒಂದೇ ಥರ ಇರುವುದಿಲ್ಲ. ಒಂದು ಮೇಲಿಂದ ಹೊದ್ದುಕೊಳ್ಳುವ ಅಂಚು, ಇನ್ನೊಂದು ಕೆಳಗೆ ಹೋಗುವ ಅಂಚು. ಒಂದು ಬದಿ ನೋಡಿ ಇನ್ನೊಂದನ್ನು ಊಹಿಸಿದ ಅಚ್ಚಿನ ಬಡಗಿಯ ಹಂಚು ಮನೆಯ ಮಾಡಿನ ಮೇಲೆ ಕೂರುವುದಿಲ್ಲ. ಆದ್ದರಿಂದ ಅವರ ಮನೆಯಲ್ಲಿ ಕುರ್ಚಿಯಾದರೂ ಸರಿ, ಎರಡೂ ಬದಿ ಬೇರೆ ಬೇರೆ ಅಳೆಯುವುದು, ಸಿಕ್ಕಿದ ಅಳತೆಯನ್ನು ಸಿಕ್ಕಿದ ಹಾಗೇ ಕೆತ್ತುವುದು. ಅದು ಅವರಿಗೆ ಮೈಗೆ ಹತ್ತಿದ ಅಭ್ಯಾಸ.

ಜೋಡಿಸುವ ಕ್ರಮದ ಹಾಳೆ ಬರೆಯುವುದು ನನ್ನ ಪಾಲಿಗೆ ಬಂತು. ಬಾಯಿ ಕೊಟ್ಟ ಪುಸ್ತಕದಲ್ಲಿ ಮುಂದಿನ ಗಾಲಿಯಿಂದ ಹಿಂದಿನ ಗಾಲಿಯ ಅಂತರ ಬಲಬದಿಯಲ್ಲಿ ಒಂದು, ಎಡಬದಿಯಲ್ಲಿ ಇನ್ನೊಂದು ಇತ್ತು. ಪಾಪ, ಅಳೆಯುವಾಗ ಟೇಪು ಜಾರಿರಬೇಕು ಎಂದುಕೊಂಡು ನಾನು ಎರಡಕ್ಕೂ ಹತ್ತು ಅಡಿಯ ಲೆಕ್ಕವನ್ನೇ ಬರೆದೆ. ಅವರಿಗೆ ಹೇಳಲೂ ಇಲ್ಲ. ಬಾಯಿ ನನ್ನ ಹಾಳೆ ನೋಡಲೇ ಇಲ್ಲ, ತಮ್ಮ ಪುಸ್ತಕ ನೋಡಿ ಮರ ಕೊಯ್ದರು.

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಮೊದಲ ಸೆಟ್ಟು ಗಾಜಿನ ಮೇಜಿಗೆ ಬಂತು. ನೋಣಯ್ಯ ಪಾಸು ಮಾಡಿದರೆ ಉಳಿದ ಐವತ್ತೊಂಬತ್ತೂ ಮಾಡುವುದೆಂದು ಮಾತು. ನೋಣಯ್ಯ ಶೆಡ್ಡಿನಲ್ಲಿ ಬೆಳಗಿನ ತಪಾಸಣೆ ಮುಗಿಸಿಕೊಂಡು ಬಂದಿದ್ದರು. ಮರ ಮೂಸಿದರು, ಹಲಸು, ಚೆನ್ನಾಗಿ ಒಣಗಿದ್ದು. ಬಿಚ್ಚಿ ಎರಡನೇ ಸಲ ಜೋಡಿಸಿದೆವು, ಉಗುರು ತೂರದ ಹಾಗೆ ಕೂತಿತು. ಬಡಿದರೆ ಗಾಲಿಗಳು ನಾಲ್ಕೂ ಖಣಖಣ. ಬಾಗಿಲ ಚಿಲಕ ಸಹ ನಿಜವಾದ ಗಾಡಿಯ ಹಾಗೆ ಒಂದು ಕಡೆ ಸ್ವಲ್ಪ ಸವೆದಂತೆ ಕೆತ್ತಿದ್ದರು. ನೋಣಯ್ಯ ಆ ಚಿಲಕವನ್ನು ಹೆಬ್ಬೆರಳಿನಿಂದ ಸವರಿ ಬಾಯಿಯ ಮುಖ ನೋಡಿದರು. ಇಂಥ ಕೆಲಸ ಆ ಮೇಜಿನ ಮೇಲೆ ಅದುವರೆಗೆ ಬಂದಿರಲಿಲ್ಲ.

ನೂಲು ಬಿಗಿದು ದೂಡಿದರು. ವ್ಯಾಗನ್ ಅರ್ಧ ದಾರಿ ನೇರ ಹೋಗಿ, ಆಮೇಲೆ ಮೆಲ್ಲಗೆ ನೂಲು ಬಿಟ್ಟು ಎಡಕ್ಕೆ ಸರಿಯಿತು. ಮತ್ತೊಮ್ಮೆ ದೂಡಿದರು. ಮತ್ತೆ ಎಡಕ್ಕೆ.

"ಬಾಯಿ, ನಿಮ್ಮ ಕೈ ಚೆನ್ನಾಗುಂಟು. ಆದ್ರೆ ಇದು ಹೋಗ್ಲಿಕ್ಕಿಲ್ಲ" ಎಂದರು ನೋಣಯ್ಯ. "ಹಿಂದಿನ ಎರಡು ಗಾಲಿ ಕೂಡಿಸುವ ಇರುಸು ಓರೆ ಉಂಟು. ಎಡಬದಿಯಲ್ಲಿ ಒಂದು ಅಕ್ಕಿಕಾಳಿನಷ್ಟು ಮುಂದೆ ಬಂದಿದೆ."

"ಉಂಟು. ಹಾಗೇ ಇರ್ಬೇಕು ಅದು" ಎಂದರು ಬಾಯಿ.

"ಹಾಗೇ ಇರ್ಬೇಕಾ? ಗಾಲಿಯ ಇರುಸು ಓರೆ ಇರ್ಲಿಕ್ಕುಂಟಾ?"

"ನನಗೆ ಗಾಡಿಯ ವಿಷಯ ಗೊತ್ತಿಲ್ಲ ನೋಣಯ್ಯಣ್ಣ. ಇದ್ದದ್ದನ್ನು ಮಾಡಿದ್ದೇನೆ." ಬಾಯಿ ಪುಸ್ತಕ ತೆರೆದು ಮೇಜಿನ ಮೇಲಿಟ್ಟರು. ಬಲಕ್ಕೆ ಹತ್ತು ಅಡಿ. ಎಡಕ್ಕೆ ಒಂಬತ್ತು ಅಡಿ ಹನ್ನೊಂದೂ ಕಾಲು ಇಂಚು. "ಎಡದ್ದು ಬೇರೆ ಬಂತಲ್ಲ ಅಂತ ಮೂರು ಸಲ ಅಳೆದೆ. ಮೂರು ಸಲವೂ ಅದೇ ಬಂತು."

ನಾನು ಗಾಜಿನ ಮೇಜಿನ ಕಡೆ ನೋಡಿದೆ, ಗೋಡೆಯ ಗಡಿಯಾರಗಳ ಕಡೆ ನೋಡಿದೆ. ಟೇಪು ಜಾರಿರಬೇಕು ಎಂದುಕೊಂಡ ಪುಣ್ಯಾತ್ಮ ನಾನೇ ತಾನೆ.

ಅಂಕಿಗಳನ್ನು ನೋಣಯ್ಯ ಓದಬಲ್ಲರು. ಅವುಗಳ ಮೇಲೆ ಒಂದೊಂದಾಗಿ ಬೆರಳಿಟ್ಟು ನೋಡಿದರು.

"ಯಾವ ವ್ಯಾಗನ್ ಅಳೆದದ್ದು?"

ಬಾಯಿ ಪುಟ ತಿರುಗಿಸಿದರು. ನಾಲ್ಕು ಸಾವಿರದ ನಾನೂರ ಹದಿನೇಳು.

"ಅದು ನಿನ್ನೆ ಮತ್ತೆ ಬಂದಿದೆ" ಎಂದರು ನೋಣಯ್ಯ. ದನಿ ತಗ್ಗಿತ್ತು. "ಹಂಚು ತುಂಬಿಸ್ತಾ ಇದ್ದಾರೆ. ನಾಲ್ಕು ಗಂಟೆಯ ಗಾಡಿಗೆ ಹೋಗ್ತದೆ. ಇವತ್ತು ಬೆಳಿಗ್ಗೆ ನಾನೇ ಪಾಸು ಮಾಡಿ ಬಂದಿದ್ದೇನೆ."

ನಾಲ್ಕು ಗಂಟೆಯ ಗಾಡಿ ಎಂದರೆ ಬರೀ ಗೂಡ್ಸ್ ಅಲ್ಲ. ಹಿಂದೆ ಮೂರು ಡಬ್ಬಿ ಜನರೂ ಇರುತ್ತಾರೆ. ಊರು ಬಿಟ್ಟ ಕೂಡಲೇ ಒಂದು ತಿರುವು, ತಿರುವು ದಾಟಿದರೆ ನೇತ್ರಾವತಿಯ ಸೇತುವೆ. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನೋಣಯ್ಯ ಟೊಪ್ಪಿ ಹಾಕಿಕೊಂಡು ಹೊರಟರು, ಬಾಯಿ ಟೇಪು ಹಿಡಿದು ಹಿಂದೆ, ನಾನು ಅವರ ಹಿಂದೆ. ಶನಿವಾರದ ವ್ಯಾಪಾರ ಬಿಟ್ಟು ಹಾಶಿಂ ಬ್ಯಾರಿಯೂ ಅಂಗಡಿಗೆ ಬೀಗ ಹಾಕಿ ಬಂದುಬಿಟ್ಟರು.

ಶೆಡ್ಡಿನಲ್ಲಿ ಆಳುಗಳು ಹಂಚನ್ನು ಕೈಯಿಂದ ಕೈಗೆ ದಾಟಿಸುತ್ತ ಆ ವ್ಯಾಗನ್ನಿಗೆ ತುಂಬುತ್ತಿದ್ದರು. ಪಕ್ಕದಲ್ಲಿ ನೋಣಯ್ಯ ಬೆಳಿಗ್ಗೆ ಹಾಕಿದ ಸೀಮೆಸುಣ್ಣದ ಗುರುತು ಬೆಳ್ಳಗೆ ಕಾಣುತ್ತಿತ್ತು. ಬಲಬದಿ ಅಳೆದರು. ಹತ್ತು ಅಡಿ. ಎಡಬದಿ ಶೆಡ್ಡಿನ ಜಗಲಿಗೆ ಒತ್ತಿಕೊಂಡಿತ್ತು. ಆ ಇಕ್ಕಟ್ಟಿನಲ್ಲಿ ಉರ್ಸುಲಾ ಬಾಯಿ ಸೀರೆ ಎತ್ತಿ ಕಟ್ಟಿಕೊಂಡು ತೂರಿದರು, ಟೇಪಿನ ಇನ್ನೊಂದು ತುದಿ ನೋಣಯ್ಯ ಹಿಡಿದರು.

"ಒಂಬತ್ತು ಅಡಿ ಹನ್ನೊಂದೂ ಕಾಲು" ಎಂದು ಒಳಗಿನಿಂದ ದನಿ ಬಂತು.

ಆಮೇಲೆ ನೋಣಯ್ಯನೂ ಒಳಗೆ ತೂರಿದರು. ನಾನು ಜಗಲಿಯ ಮೇಲೆ ಮಲಗಿ ಇಣುಕಿ ನೋಡಿದೆ. ಇರುಸನ್ನು ಹಿಡಿದಿಡುವ ಕಬ್ಬಿಣದ ಕವಲು ಆ ಮೂಲೆಯಲ್ಲಿ ಒಂದು ಮಾತ್ರ ಸ್ವಲ್ಪ ಹೊಸದು. ಮೂರು ವರ್ಷದ ಹಿಂದೆ ಈ ವ್ಯಾಗನ್ನಿಗೆ ಪೆಟ್ಟಾಗಿ ದೂರದ ಯಾವುದೋ ವರ್ಕ್‌ಶಾಪಿಗೆ ಹೋಗಿ ಬಂದಿತ್ತಂತೆ. ಆಗ ಕವಲನ್ನು ಮುಕ್ಕಾಲು ಇಂಚು ತಪ್ಪಿಸಿ ಕೂರಿಸಿದ್ದರು. ನೋಣಯ್ಯ ಗಾಲಿಗೆ ಸುತ್ತಿಗೆಯಿಂದ ಬಡಿದರು. ದೇವಸ್ಥಾನದ ಗಂಟೆಯ ಹಾಗೆ ಸ್ವಚ್ಛವಾದ ಸದ್ದು. ಆಮೇಲೆ ಹಳಿಯನ್ನು ಹಿಡಿದುಕೊಳ್ಳುವ ಗಾಲಿಯ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ಅದು ಸವೆದು ತೆಳ್ಳಗಾಗಿತ್ತು.

"ಈ ಅಂಚು ತೆಳ್ಳಗಾಗ್ತಾ ಬಂದದ್ದು ನಾನು ನೋಡಿದ್ದೇನೆ ಮಾಷ್ಟ್ರೇ" ಎಂದರು. "ತಿರುವಿನಲ್ಲಿ ಸವೆದದ್ದು ಅಂತ ಎಣಿಸಿದೆ. ಗಾಲಿಯ ಸದ್ದು ಸರಿ ಉಂಟಲ್ಲ, ಮತ್ತೆ ಎಂತದ್ದು ಅಂತ. ಟೇಪು ಹಿಡೀಬೇಕು ಅಂತ ನನಗೆ ಒಂದು ದಿವಸವೂ ತೋರ್ಲಿಲ್ಲ."

ಹೊರಗೆ ಬಂದಾಗ ಶೆಡ್ಡಿನ ದೊಡ್ಡ ಗುಮಾಸ್ತರು ಗದ್ದಲ ಕೇಳಿ ಬಂದು ನಿಂತಿದ್ದರು. ಕೆಟ್ಟ ಮನುಷ್ಯರಲ್ಲ. ನೋಣಯ್ಯನಿಗೆ ಕಾಗದ ಕೊಡಿಸಬೇಕೆಂದು ಮದ್ರಾಸಿಗೆ ಬರೆದವರೇ ಅವರು. ಎಲ್ಲ ಕೇಳಿ, ನೋಣಯ್ಯನನ್ನು ಪಕ್ಕಕ್ಕೆ ಕರೆದರು. ಪಕ್ಕಕ್ಕೆಂದರೂ ಮಾತು ನಮಗೆಲ್ಲ ಕೇಳುತ್ತಿತ್ತು.

"ಮೂರು ವರ್ಷ ಓಡಿದ್ದು ಇವತ್ತೊಂದು ದಿವಸ ಓಡುವುದಿಲ್ವಾ ನೋಣಯ್ಯ? ಶೊರನೂರಿನಲ್ಲಿ ಅವರು ನೋಡಿಕೊಳ್ಳಲಿ. ನಿನಗೆ ಇನ್ನು ಎರಡು ತಿಂಗಳುಂಟು."

ನೋಣಯ್ಯ ಇಲ್ಲವೆಂದು ತಲೆ ಅಲ್ಲಾಡಿಸಿದರು.

"ಇಲ್ಲ, ನಿಲ್ಲಿಸ್ಲೇಬೇಕು ಅಂತಾದ್ರೆ ನಿಲ್ಲಿಸುವ. ಇವತ್ತು ಕಂಡುಬಂತು ಅಂತ ಬರೀತೇನೆ. ಇವತ್ತೇ ಆದದ್ದು ಅಂತ. ನಿನ್ನ ಕಾಗದಕ್ಕೆ ಎಂತ ತೊಂದರೆಯೂ ಇಲ್ಲ."

ಸತ್ಯ ಹೇಳುತ್ತೇನೆ, ನನಗೆ ಆ ಮಾತು ಹಿಡಿಸಿತು. ಗಾಡಿ ನಿಲ್ಲುತ್ತದೆ, ಜನ ಉಳಿಯುತ್ತಾರೆ, ಮುದುಕನ ಆಸೆಯೂ ಉಳಿಯುತ್ತದೆ. ಒಪ್ಪಿಕೊಳ್ಳಿ ನೋಣಯ್ಯಣ್ಣ ಎಂದು ಮನಸ್ಸಿನಲ್ಲೇ ಕೂಗುತ್ತಿದ್ದೆ. ಹಾಶಿಂ ಬ್ಯಾರಿ ನೆಲ ನೋಡುತ್ತಿದ್ದರು.

ನೋಣಯ್ಯ ವ್ಯಾಗನ್ನಿನ ಹತ್ತಿರ ಹೋಗಿ ಬೆಳಗಿನ ಗುರುತನ್ನು ಕೋಟಿನ ತೋಳಿನಿಂದ ಒರೆಸಿದರು. ಅದರ ಜಾಗದಲ್ಲಿ ದೊಡ್ಡ ಅಡ್ಡಗೀಟು ಎಳೆದರು. ಗಾಡಿಗೆ ರೋಗ, ಮುಂದೆ ಹೋಗಕೂಡದು ಎಂಬ ಗುರುತು ಅದು. ಆಮೇಲೆ ಗುಮಾಸ್ತರ ಮೇಜಿನ ಎದುರು ನಿಂತರು.

"ಬರೀರಿ ದೊಡ್ಡವರೇ. ಕವಲು ತಪ್ಪಿ ಕೂತು ಮೂರು ವರ್ಷ ಆಯ್ತು. ತಿಂಗಳಿಗೆ ಎರಡು ಸಲ ಬಂದಿದೆ. ಎಪ್ಪತ್ತು ಸಲವಾದ್ರೂ ನೋಣಯ್ಯ ಪಾಸು ಮಾಡಿದ್ದಾನೆ. ಕಂಡುಹಿಡಿದದ್ದು ಉರ್ಸುಲಾ ಬಾಯಿ."

"ಇದನ್ನು ಬರೆದ್ರೆ ನಿನಗೆ ಆ ಕಾಗದ ಸಿಕ್ಕುವುದಿಲ್ಲ ಮಾರಾಯ. ಗೊತ್ತುಂಟಾ?"

"ಗೊತ್ತುಂಟು. ಇವತ್ತೇ ಆದದ್ದು ಅಂತ ನೀವು ಬರೆದ್ರೆ ವರ್ಕ್‌ಶಾಪಿನವರು ಈ ಒಂದನ್ನು ಸರಿ ಮಾಡಿ ಸುಮ್ಮನೆ ಕೂತಾರು. ಆಗ ಅವರು ಕೂರಿಸಿದ ಬೇರೆ ಕವಲು ಎಷ್ಟುಂಟೋ, ಅವು ಎಲ್ಲೆಲ್ಲಿ ಓಡ್ತಾ ಇದ್ದಾವೋ. ಮೂರು ವರ್ಷ ಅಂತ ಬರೆದ್ರೆ ಮಾತ್ರ ಅದನ್ನೆಲ್ಲ ಹುಡುಕ್ತಾರೆ."

ಗುಮಾಸ್ತರು ಪೆನ್ನನ್ನು ಶಾಯಿಯಲ್ಲಿ ಅದ್ದಿದರು. ನೋಣಯ್ಯ ಹೇಳಿದ ಹಾಗೇ ಬರೆದರು. ನೋಣಯ್ಯ ಕೆಳಗೆ ಹೆಬ್ಬೆಟ್ಟು ಒತ್ತಿದರು.

ತುಂಬಿಸಿದ ಹಂಚನ್ನೆಲ್ಲ ಮತ್ತೆ ಇಳಿಸಬೇಕಾಯಿತು. ಆಳುಗಳು ಬೈದದ್ದಕ್ಕೆ ಲೆಕ್ಕವಿಲ್ಲ. ನಾಲ್ಕು ಗಂಟೆಯ ಗಾಡಿ ಒಂದು ವ್ಯಾಗನ್ ಕಡಿಮೆಯಾಗಿ ಹೊರಟಿತು. ಅದು ತಿರುವು ದಾಟಿ ಸೇತುವೆಯ ಮೇಲೆ ಹೋಗುವ ಸದ್ದು ಕೇಳುವವರೆಗೂ ನಾವು ನಾಲ್ವರು ಜಗಲಿಯಲ್ಲೇ ಕೂತಿದ್ದೆವು. ಆ ದಿನ ಏನೂ ಆಗಲಿಲ್ಲ. ಏನೂ ಆಗದ್ದು ಯಾರಿಂದ ಎಂದು ಆ ಮೂರು ಡಬ್ಬಿಯ ಜನಕ್ಕೆ ಗೊತ್ತಿಲ್ಲ, ಮುಂದೆಯೂ ಗೊತ್ತಾಗಲಿಕ್ಕಿಲ್ಲ.

ವಿಚಾರಣೆ ಬಂತು. ಅದೇ ಥರ ತಪ್ಪಿ ಕೂತ ಕವಲು ಬೇರೆ ಊರುಗಳಲ್ಲಿ ಒಂಬತ್ತು ಗಾಡಿಗಳಲ್ಲಿ ಸಿಕ್ಕಿತು. ಅದು ಒಳ್ಳೆಯ ಸುದ್ದಿ. ಇನ್ನೊಂದು ಸುದ್ದಿ, ಎಪ್ಪತ್ತು ಸಲ ದೋಷ ಕಾಣದವನು ತಪಾಸಣೆಗೆ ಲಾಯಕ್ಕಲ್ಲ ಎಂದು ಬಂದ ಆರ್ಡರು. ಹೊಸ ತಪಾಸಣೆಯವರು ಬಂದರು. ನೋಣಯ್ಯನನ್ನು ಕೊನೆಯ ಒಂದೂವರೆ ತಿಂಗಳು ದೀಪದ ಕೋಣೆಗೆ ಹಾಕಿದರು. ಸಿಗ್ನಲ್ಲಿನ ಕೈಕಂಬದ ದೀಪಗಳಿಗೆ ಎಣ್ಣೆ ತುಂಬುವುದು, ಬತ್ತಿ ಕತ್ತರಿಸುವುದು. ಮದ್ರಾಸಿನ ಕಾಗದದ ಮಾತನ್ನು ಯಾರೂ ಎತ್ತಲಿಲ್ಲ. ಅವರೂ ಎತ್ತಲಿಲ್ಲ.

ಉರ್ಸುಲಾ ಬಾಯಿ ಮಾತ್ರ ಒಳಗೊಳಗೇ ಕುದಿಯುತ್ತಿದ್ದರು. ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ನೇರ ದೀಪದ ಕೋಣೆಗೆ ಬಂದು, "ನಾನು ಅಳೀಬಾರದಿತ್ತು ನೋಣಯ್ಯಣ್ಣ" ಎಂದು ಅತ್ತೇಬಿಟ್ಟರು.

"ಎಂತ ಮಾತು ಬಾಯಿ ಅದು" ಎಂದು ನೋಣಯ್ಯ ಗದರಿದರು. "ನಿಮ್ಮ ಅಪ್ಪ ಕೇಳಿದ್ರೆ ಹೊಡೆದಾರು. ಹೋಗಿ ಆ ಇರುಸನ್ನು ನೇರ ಮಾಡಿ, ಮಕ್ಕಳ ಗಾಡಿ ಸರಿಯಾಗಿ ಓಡ್ಬೇಕು. ಅರವತ್ತೂ ನಾನೇ ನೋಡ್ತೇನೆ."

ನೋಡಿದರು. ದೀಪದ ಎಣ್ಣೆಯ ಕೈ ಉಜ್ಜಿ ತೊಳೆದುಕೊಂಡು ಸಂಜೆ ಸಂಜೆ ಹಂಪನಕಟ್ಟೆಗೆ ಬಂದು, ಒಂದೊಂದು ಸೆಟ್ಟನ್ನೂ ಎರಡೂ ಬದಿ ಅಳೆದು, ಮೂಸಿ, ಬಡಿದು, ದೂಡಿ ನೋಡಿದರು. ನಾಲ್ಕನ್ನು ವಾಪಸು ಕಳಿಸಿದರು. ನಾನು ನನ್ನ ಹಾಳೆಯ ಕಥೆಯನ್ನು ಅವರಿಗೆ ಆಗ ಒಪ್ಪಿಸಿದೆ. ಅವರು ಬೈಯಲಿಲ್ಲ. ಚಾ ಕುಡಿದು ಲೋಟ ಇಟ್ಟು, "ಇನ್ನು ಮುಂದೆ ಕೇಳಿ ಬರೀರಿ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಡಿಸೆಂಬರ್ ಮೂವತ್ತೊಂದು ಬಂತು. ಹಾರವಿಲ್ಲ, ಭಾಷಣವಿಲ್ಲ. ನಾನೂ ಹಾಶಿಂ ಬ್ಯಾರಿಯೂ ಅವರನ್ನು ಮನೆಗೆ ಕರೆದೊಯ್ಯಲೆಂದು ಮೂರೂವರೆಗೆ ಶೆಡ್ಡಿಗೆ ಹೋದೆವು. ನ್ಯಾಯವಾಗಿ ಒಂದು ಲಿಂಬೆ ಹಣ್ಣಾದರೂ ಕೊಡಬೇಕಿತ್ತಲ್ಲ ಎಂದು ನಾನು ದಾರಿಯುದ್ದಕ್ಕೂ ರೈಲ್ವೆಯವರನ್ನು ಬೈದುಕೊಂಡು ಹೋಗಿದ್ದೆ. ನಾಲ್ಕು ಗಂಟೆಯ ಗಾಡಿ ಹೊರಡಲು ತಯಾರಾಗಿತ್ತು. ಹೊಸಬರು ತಪಾಸಣೆ ಮುಗಿಸಿ ಗುರುತು ಹಾಕಿದ್ದರು, ಹೊರಡಬಹುದೆಂದು ಕೈಕಂಬವೂ ಬಿದ್ದಿತ್ತು. ಆದರೆ ಗಾಡಿ ಅಲುಗಲಿಲ್ಲ.

ಎಂಜಿನಿನಿಂದ ಡ್ರೈವರ್ ಗುರುವಪ್ಪ ಇಳಿದು ಬಂದರು. ಅಕ್ಟೋಬರಿನ ಆ ಶನಿವಾರವೂ ನಾಲ್ಕು ಗಂಟೆಯ ಗಾಡಿ ನಡೆಸಿದ್ದವರು ಅವರೇ ಎಂದು ನನಗೆ ಆಮೇಲೆ ತಿಳಿಯಿತು. ಮಸಿ ಮೆತ್ತಿದ ಕೈಗಳನ್ನು ಒರೆಸಿಕೊಳ್ಳುತ್ತ ದೀಪದ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದರು:

"ನೋಣಯ್ಯಣ್ಣ, ನನ್ನ ಗಾಡಿ ಒಮ್ಮೆ ನೋಡಿ."

"ನೋಡಿ ಆಗಿದೆಯಲ್ಲ. ನನಗೆ ಅಧಿಕಾರ ಇಲ್ಲ ಗುರುವಪ್ಪ."

"ಅಧಿಕಾರ ಯಾರು ಕೇಳಿದ್ರು? ತನ್ನ ತಪ್ಪನ್ನು ತಾನೇ ಬರೆಸಿದವರು ನೋಡದೆ ನಾನು ಇವತ್ತು ಸೇತುವೆ ಹತ್ತುವುದಿಲ್ಲ. ಬೇಕಾದ್ರೆ ನನ್ನ ಮೇಲೂ ಬರೀಲಿ."

ಹೊಸ ತಪಾಸಣೆಯವರು ಸಿಟ್ಟಾಗಬಹುದೆಂದು ನಾನು ಎಣಿಸಿದ್ದೆ. ಅವರು ಸುಮ್ಮನೆ ತಮ್ಮ ಸುತ್ತಿಗೆ ಮುಂದೆ ಚಾಚಿದರು. ನೋಣಯ್ಯ ಅದನ್ನು ತೆಗೆದುಕೊಂಡು ಗಾಡಿಯ ಉದ್ದಕ್ಕೂ ನಡೆದರು, ಒಂದು ಬದಿಯಿಂದ ಹೋಗಿ ಇನ್ನೊಂದು ಬದಿಯಿಂದ ಬಂದರು. ಬಡಿದರು, ಬಗ್ಗಿ ನೋಡಿದರು, ಎರಡು ಕಡೆ ಟೇಪು ಹಿಡಿದರು. ಡಬ್ಬಿಯ ಕಿಟಕಿಗಳಿಂದ ಜನ ಏನೆಂದು ತಿಳಿಯದೆ ಇಣುಕುತ್ತಿದ್ದರು. ಹಂಚಿನ ಆಳುಗಳು ಎದ್ದು ನಿಂತರು, ಯಾರೂ ಹೇಳಿರಲಿಲ್ಲ. ಹನ್ನೊಂದು ನಿಮಿಷ ಹಿಡಿಯಿತು. ಕೊನೆಗೆ ಅವರು ಕೈ ಎತ್ತಿದಾಗ ಗುರುವಪ್ಪ ಎಂಜಿನ್ ಹತ್ತಿ ಗಾಡಿ ಬಿಟ್ಟರು.

ಗಾಡಿ ತಡವಾದರೆ ಕಾರಣ ಬರೆಯಲೇಬೇಕು. ದೊಡ್ಡ ಗುಮಾಸ್ತರು ಪುಸ್ತಕ ತೆರೆದು ಕೂತರು. ಎಂಜಿನ್ನಿಗೆ ನೀರು ತಡವಾಯಿತು ಎಂದು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅಧಿಕಾರವಿಲ್ಲದವನಿಂದ ಗಾಡಿ ತಡೆಸಿದ್ದು ಮದ್ರಾಸಿಗೆ ಗೊತ್ತಾದರೆ ಅವರ ಕೆಲಸಕ್ಕೇ ಸಂಚಕಾರ. ಅವರು ನಿಧಾನವಾಗಿ, ದುಂಡಗಿನ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು, ಶಾಯಿ ಆರಲು ಊದಿ, ಪುಸ್ತಕವನ್ನು ನಮ್ಮ ಕಡೆ ತಿರುಗಿಸಿದರು.

"ಎಂತ ಬರೆದಿದ್ದಾರೆ ಮಾಷ್ಟ್ರೇ?" ಎಂದು ನೋಣಯ್ಯ ಕೇಳಿದರು.

ನಾನು ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ ಓದಿದೆ: "ಹನ್ನೊಂದು ನಿಮಿಷ ತಡ. ಗಾಡಿ ತಪಾಸಣೆ. ತಪಾಸಣೆ ಮಾಡಿದವರು ನೋಣಯ್ಯ."

ನೋಣಯ್ಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕಣ್ಣು ತುಂಬಿತ್ತು.

"ಇನ್ನೊಮ್ಮೆ ಓದಿ" ಎಂದರು. ನಾನು ಇನ್ನೊಮ್ಮೆ ಓದಿದೆ.